ಎಡಗೈಗೆ ನನ್ನದು, ಬಲಗೈಗೆ ನಿಮ್ಮದು

ಸೋಪಿನ ಕಂಪನಿಯಲ್ಲಿ ಮ್ಯಾನೇಜರ್ ಆಗಿರುವ ನನ್ನ ಅಳಿಯ, ನಾನು ಕೊಬ್ಬರಿ ಎಣ್ಣೆ ಹಾಕಿ ಮನೆಯಲ್ಲೇ ಮಾಡಿದ ಸೋಪನ್ನು ತಿರುಗಿಸಿ ನೋಡಿ ನಕ್ಕ. “ಇದೇನತ್ತೆ, ಸೋಪೋ ಇಟ್ಟಿಗೆಯೋ?”

ನನಗೆ ಮೈಯೆಲ್ಲ ಉರಿಯಿತು. ಅವನದು ಮೊದಲೇ ಒಣ ಚರ್ಮ. “ಅಳಿಯಂದಿರೇ, ಹದಿನೈದು ದಿನ ಎಡಗೈಗೆ ನನ್ನ ಇಟ್ಟಿಗೆ ಹಚ್ಚಿ, ಬಲಗೈಗೆ ನಿಮ್ಮ ಕಂಪನೀದು ಹಚ್ಚಿ. ಆಮೇಲೆ ಮಾತಾಡೋಣ” ಎಂದೆ. ಗೆಲ್ಲುವ ಧೈರ್ಯದಲ್ಲಿ ಒಪ್ಪಿಕೊಂಡ.

ಹದಿನಾರನೆಯ ದಿನ ಅವನ ಎರಡೂ ತೋಳುಗಳ ಮೇಲೆ ಉಗುರಿನಿಂದ ಗೀಚಿದೆ. ಎಡಗೈಯಲ್ಲಿ ಏನೂ ಮೂಡಲಿಲ್ಲ. ಬಲಗೈಯಲ್ಲಿ ಸ್ಲೇಟಿನ ಮೇಲೆ ಬಳಪ ಎಳೆದಂತೆ ಬಿಳಿ ಗೆರೆ ಎದ್ದಿತು. ಮಗಳು ಕಿಸಕ್ಕನೆ ನಕ್ಕಳು.

“ಚಳಿಗಾಲ ಅಲ್ವಾ ಅತ್ತೆ, ಅದಕ್ಕೇ ಹೀಗೆ” ಎಂದ. ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ!

“ಹೌದಾ? ಚಳಿ ನಿಮ್ಮ ಬಲಗೈನೇ ಹುಡುಕ್ಕೊಂಡು ಬಂತಾ?”