ಹೆಚ್ಚಿಗೆ ಬಂದ ಇಪ್ಪತ್ತು ಸಳಿ

ತೆಲುಗು ನಾಡಿನ ಜೀಡಿಮೆಟ್ಲಾದಲ್ಲಿ, ಕಾರ್ಖಾನೆಗಳ ಹಿಂದಿನ ಕೂಲಿಕಾರರ ಬಸ್ತಿಯಲ್ಲಿ ಬಂಡೆಪ್ಪ ಮತ್ತು ಗುರುಬಾಯಿ ಎಂಬತ್ತು ಗಜ ಜಾಗದಲ್ಲಿ ಮನೆ ಕಟ್ಟಿಸುತ್ತಿದ್ದರು. ಬಂಡೆಪ್ಪನದು ಔಷಧಿ ಕಾರ್ಖಾನೆಯಲ್ಲಿ ಡಬ್ಬಿ ಕಟ್ಟುವ ಕೆಲಸ. ಇಪ್ಪತ್ತೆರಡು ವರ್ಷ ತಗಡಿನ ಕೆಳಗೆ ಬಾಡಿಗೆಗೆ ಇದ್ದವರು. ಈಗ ಕೆಳಗೆ ಎರಡು ಕೋಣೆ, ಮುಂದೆ ಎಂದಾದರೂ ಮೇಲೆ ಮಗಳು ಲಹರಿಗೆ ಎರಡು ಕೋಣೆ ಎಂಬುದು ಗುರುಬಾಯಿಯ ಆಸೆ. ಅದನ್ನು ಕೇಳಿಯೇ ಇಂಜಿನಿಯರು ನಕ್ಷೆಯಲ್ಲಿ ಪಿಲ್ಲರಿಗೆ ಹನ್ನೆರಡು ಎಂಎಂ ದಪ್ಪದ ಸಳಿ, ಅಂದರೆ ಕಬ್ಬಿಣದ ಸರಳು, ಎಂದು ಬರೆದುಕೊಟ್ಟಿದ್ದರು.

ಸೋಮವಾರ ಬೆಳಿಗ್ಗೆ ಕಬ್ಬಿಣ ಹೊತ್ತ ಗಾಡಿ ಬಂತು. ನಮ್ಮ ಮಂದಿಯಲ್ಲಿ ಒಂದು ರೂಢಿ ಇದೆ. ಮನೆ ಕಟ್ಟಲು ಮೊದಲ ಸಾಮಾನು ಬಂದರೆ ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಕೈ ಮುಗಿದು ಇಳಿಸಿಕೊಳ್ಳುವುದು. ಪೂಜೆ ಆದ ಮೇಲೆ ಅದು ಲಕ್ಷ್ಮಿ. ಲಕ್ಷ್ಮಿಯನ್ನು ಯಾರಾದರೂ ಅಳೆದು ನೋಡುತ್ತಾರೆಯೇ? ಗುರುಬಾಯಿಯೂ ಸಳಿಗಳಿಗೆ ಕುಂಕುಮ ಹಚ್ಚಿ ಕೈ ಮುಗಿದಳು.

ಬಂಡೆಪ್ಪನ ಮುಖದಲ್ಲಿ ಖುಷಿ. ಕೈಯಲ್ಲಿ ಕಾಟಾ ಚೀಟಿ, ಅರ್ಧ ಟನ್ನು ತೂಕ ಸರಿಯಾಗಿತ್ತು.

"ಮನಿ ಕಟ್ಟೋ ಗೌಂಡಿ ನಲವತ್ತೇಳು ಸಳಿ ಬರ್ತಾವ ಅಂದಿದ್ದ. ಗಾಡಿಯವ ಅರವತ್ತೇಳು ಅನ್ನಾಕತ್ತಾನ. ಇಪ್ಪತ್ತು ಜಾಸ್ತಿ! ಕಬ್ಬಿಣದ ಅಂಗಡಿ ಗುರುಶಾಂತ ನಮ್ಮ ತಾಲೂಕಿನವ ನೋಡು. ತನ್ನ ಮಂದಿ ಅಂತ ಕೈ ಬಿಚ್ಚಿ ಕೊಟ್ಟಾನ."

ಪಕ್ಕದ ಮನೆಯ ತುಳಸಾಬಾಯಿ ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟಿದ್ದವಳು ನಿಂತಳು. ಯಾದಗಿರಿ ಕಡೆಯವಳು. ಹದಿನೆಂಟು ವರ್ಷದಿಂದ ಸಳಿ ಬಗ್ಗಿಸಿ ಪಿಲ್ಲರ್ ಕಟ್ಟುವುದೇ ಅವಳ ಕೆಲಸ.

"ಅಣ್ಣಾ, ತೂಕ ಎಷ್ಟು ಹೇಳಿದ್ರೋ ಅಷ್ಟೇ ಐತಿ. ಸಳಿ ಮಾತ್ರ ಇಪ್ಪತ್ತು ಹೆಚ್ಚಿಗಿ. ಅದು ಹೆಂಗ?"

"ಹೆಂಗರ ಇರಲಿ ತಂಗಿ, ಬಂದದ್ದು ಬಂತು."

ತುಳಸಾಬಾಯಿ ಗುರುಬಾಯಿಯ ಕಡೆ ತಿರುಗಿದಳು. "ವೈನಿ, ಒಂದು ಬುಟ್ಟಿ ಹಿಟ್ಟಿನಾಗ ದಿನಾ ಹತ್ತು ರೊಟ್ಟಿ ಆಗ್ತಾವ. ಅದೇ ಹಿಟ್ಟಿನಾಗ ಇವತ್ತು ಹದಿನಾಲ್ಕು ಆದ್ವು ಅಂದ್ರ?"

"ತೆಳ್ಳಗ ತಟ್ಟೀನಿ ಅಂತ," ಎಂದಳು ಗುರುಬಾಯಿ. ಹೇಳಿದ ಮೇಲೆ ಅವಳಿಗೇ ತಿಳಿಯಿತು. ಸಳಿಗಳ ಕಡೆ ನೋಡಿದಳು.

ತುಳಸಾಬಾಯಿ ಒಂದು ಸಳಿಯನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. "ಇದು ಹನ್ನೆರಡಲ್ಲ. ಹತ್ತು."

ಬಂಡೆಪ್ಪ ನಕ್ಕುಬಿಟ್ಟ. "ಏನವ್ವ, ನಿನ್ನ ಕೈಯಾಗ ಮಷೀನ್ ಐತೇನು? ಆತು, ಎರಡು ಎಂಎಂ ಕಮ್ಮಿನೇ ಇರಲಿ. ಜ್ವಾಳದ ಕಾಳಿನಷ್ಟೂ ಇಲ್ಲ. ಅದಕ್ಕೇನು ಮನಿ ಬೀಳತೈತಿ?"

"ನನ್ನ ಕೈ ನಂಬಬ್ಯಾಡ್ರಿ, ತಕ್ಕಡಿ ನಂಬ್ರಿ. ಒಂದು ಮೀಟರ್ ಕೊಯ್ದು ತೂಗೂಣು. ಹನ್ನೆರಡಿಂದು ಆದ್ರ ಎಂಟುನೂರಾ ತೊಂಬತ್ತು ಗ್ರಾಮಿನ ಆಸುಪಾಸು ಇರಬೇಕು. ಹತ್ತರದಾದ್ರ ಆರುನೂರಾ ಇಪ್ಪತ್ತು."

ಗಾಡಿಯವ ಅವಸರ ಮಾಡಿದ. ಕೊಯ್ದರೆ ವಾಪಸ್ ಒಯ್ಯುವುದಿಲ್ಲ ಎಂದು ತೆಲುಗಿನಲ್ಲಿ ಗೊಣಗಿದ. ಬಂಡೆಪ್ಪ ಸಂಕೋಚಪಡುತ್ತಲೇ ಗುರುಶಾಂತನಿಗೆ ಫೋನ್ ಹಚ್ಚಿ, ಒಂದು ತುಂಡು ಕೊಯ್ದು ತೂಗಬಹುದೇ ಎಂದು ಕೇಳಿದ.

"ನನ್ನ ಮ್ಯಾಲ ಶಂಕಾ ಬಂತೇನ್ರಿ ಬಂಡೆಪ್ಪಣ್ಣ?"

ಬಂಡೆಪ್ಪನ ಕೈಯಿಂದ ಗುರುಬಾಯಿಯೇ ಫೋನ್ ಇಸಿದುಕೊಂಡಳು. "ಶಂಕಾ ಅಲ್ರೀ. ಮ್ಯಾಲ ನನ್ನ ಮಗಳು ಮಲಗಾಕಿ ಅದಾಳ. ತೂಗಿ ನೋಡ್ತೀವಿ."

"ಕೊಯ್ರಿ," ಎಂದ ಗುರುಶಾಂತ.

ತುಳಸಾಬಾಯಿ ಟೇಪು ಹಿಡಿದು ಒಂದು ಮೀಟರ್ ಗುರುತು ಮಾಡಿ, ಗರಗಸ ಆಡಿಸಿದಳು. ತರಕಾರಿ ಬಂಡಿಯ ಅನ್ನಮ್ಮ ಟೊಮೆಟೊ ಬುಟ್ಟಿ ಸರಿಸಿ ತಕ್ಕಡಿ ಕೊಟ್ಟಳು. ತುಂಡನ್ನು ಇಟ್ಟರು. ಕೆಂಪು ಅಂಕಿಗಳು ಓಡಿ ಓಡಿ ನಿಂತವು.

ಆರುನೂರಾ ಹದಿನೈದು.

ಬಂಡೆಪ್ಪ ಒಮ್ಮೆ ತಕ್ಕಡಿಯನ್ನೂ ಒಮ್ಮೆ ತುಳಸಾಬಾಯಿಯ ಕೈಯನ್ನೂ ನೋಡಿದ. ಆ ಅಂಗೈಯ ಚರ್ಮ ಕಬ್ಬಿಣದ ಬಣ್ಣಕ್ಕೇ ತಿರುಗಿತ್ತು. ತನ್ನ ಕಣ್ಣಿಗೆ ಕಾಣದ್ದು ಅದಕ್ಕೆ ಗೊತ್ತಾಗಿತ್ತು.

"ಎರಡು ಎಂಎಂ ಅಂದ್ರಲ್ಲ," ಎಂದಳು ಅವಳು ಮೆಲ್ಲಗೆ. "ಮೀಟರಿಗೆ ಕಾಲು ಕೇಜಿಗಿಂತ ಹೆಚ್ಚು ಕಬ್ಬಿಣ ಕಮ್ಮಿ. ಪಿಲ್ಲರಿಗೆ ಇಷ್ಟೇ ಸಳಿ ಅಂತ ನಕ್ಷಾದಾಗ ಐತಿ, ಗೌಂಡಿ ಅಷ್ಟೇ ಹಾಕ್ತಾನ. ಹಂಗಂದ್ರ ಪಿಲ್ಲರಿನಾಗಿನ ಕಬ್ಬಿಣದ ಬಲ ಮೂರರಾಗ ಒಂದು ಪಾಲು ಹತ್ತಿರ ಹೋತು. ಕಾಂಕ್ರೀಟ್ ಸುರಿದ ಮ್ಯಾಲ ಸಳಿ ಮುಖ ಮತ್ತ ಯಾರೂ ನೋಡಂಗಿಲ್ಲ. ನಾವು ನೀವು ಹೋದ ಮ್ಯಾಲೂ ಮನಿ ಹೊತ್ಕೊಂಡು ಅದು ಒಳಗ ನಿಂತಿರತೈತಿ."

ಬಂಡೆಪ್ಪ ಪಿಲ್ಲರಿನ ಗುಂಡಿಯ ಅಂಚಿಗೆ ಹೋಗಿ ಇಣುಕಿದ. ಈ ಬೆರಳು ದಪ್ಪದ ವಸ್ತು ಕತ್ತಲಲ್ಲಿ ನಿಂತು, ಗೋಡೆ, ಛಾವಣಿ, ಮಗಳ ಮಂಚ ಎಲ್ಲವನ್ನೂ ಎತ್ತಿ ಹಿಡಿಯುತ್ತದೆ ಎಂಬುದು ಅವನಿಗೆ ಇಷ್ಟು ದಿನ ಹೊಳೆದೇ ಇರಲಿಲ್ಲ.

"ಮಣಿಕೊಂಡದಾಗ ಇಪ್ಪತ್ತು ಅಂತಸ್ತಿನ ಕಟ್ಟಡಕ್ಕ ಸಳಿ ಕಟ್ಟೀನಿ," ಎಂದಳು ತುಳಸಾಬಾಯಿ. "ಅಲ್ಲಿ ಬಂದ ಬಂದ ಗಾಡಿ ತಡೆದು ತೂಗಿ ನೋಡ್ತಾರ. ನಾವು ಕೈ ಮುಗಿದು ಇಳಿಸ್ಕೋತೀವಿ."

ಗುರುಬಾಯಿಗೆ ಒಂದೇ ಚಿಂತೆ ಉಳಿಯಿತು. "ಕುಂಕುಮ ಹಚ್ಚೀನಲ್ಲವ್ವ. ಹೊಳ್ಳಿ ಕಳಸೋದು ಹೆಂಗ?"

"ಮನಿ ತಪ್ಪಿ ಬಂದ ಬೀಗರು ಅಂತ ತಿಳಿ ವೈನಿ. ಹೋಗೋ ಮುಂದೂ ಕುಂಕುಮ ಹಚ್ಚೇ ಕಳಸ್ತೀವಲ್ಲ."

ಗಾಡಿಯವನಿಗೂ ನಗು ಬಂತು.

ಬಂಡೆಪ್ಪ ಫೋನಿನಲ್ಲಿ ಕಳಿಸಿದ ತಕ್ಕಡಿಯ ಫೋಟೊ ನೋಡಿ ಗುರುಶಾಂತ ತಾನೇ ಬಂದ. ಗೋದಾಮಿನಲ್ಲಿ ಎರಡು ಮನೆಗಳ ಸಾಮಾನು ಅದಲುಬದಲಾಗಿತ್ತು. "ತಪ್ಪು ನಂದೇರಿ. ಇಳಿಸಿಕೊಂಡು ಸಹಿ ಹಾಕಿದ್ರ ನನಗೂ ತಿಳೀತಿದ್ದಿಲ್ಲ, ನಿಮಗೂ ತಿಳೀತಿದ್ದಿಲ್ಲ," ಎಂದ.

ಮಧ್ಯಾಹ್ನ ಎರಡನೆಯ ಗಾಡಿ ಬಂತು. ಗುರುಬಾಯಿ ಅಡ್ಡ ನಿಂತಳು. ಚೀಟಿ ಓದಿಸಿದಳು, ಎಣಿಸಿದಳು, ತುಂಡು ಕೊಯ್ಯಿಸಿ ತಾನೇ ತಕ್ಕಡಿಗೆ ಇಟ್ಟಳು. ಎಂಟುನೂರಾ ಎಂಬತ್ತೆಂಟು. ಅಂಕಿ ನಿಂತ ಮೇಲೂ ಅವಳು ಕಣ್ಣು ತೆಗೆಯಲಿಲ್ಲ. ಆಮೇಲೆ ಗಂಡನಿಗೆ ಪೆನ್ನು ಕೊಟ್ಟು, "ಈಗ ಹಾಕ್ರಿ ಸಹಿ," ಎಂದಳು.

ಮನೆ ಕಟ್ಟುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವು ಅಂಗಡಿಗೆ ಏನು ಹೇಳಿದ್ದೀರೋ ಅದನ್ನು ಮೊದಲು ಕಾಗದದ ಮೇಲೆ ಬರೆಸಿಕೊಳ್ಳಿ: ಎಷ್ಟು ಎಂಎಂ, ಯಾವ ಕಂಪನಿ, ಎಷ್ಟು ತೂಕ. ಗಾಡಿ ಬಂದಾಗ ಆ ಕಾಗದ ಕೈಯಲ್ಲಿರಲಿ. ಒಟ್ಟು ತೂಕ ಸರಿ ಇದ್ದರೆ ಸಾಲದು, ಒಂದು ಮೀಟರ್ ತೂಗಿ ನೋಡಿ. ಸಿಮೆಂಟು ಬಂದರೆ ಚೀಲದ ಮೇಲೆ ಅಚ್ಚಾದ ವಾರ, ತಿಂಗಳು ನೋಡಿ. ಮೂರು ತಿಂಗಳು ದಾಟಿದ್ದು, ಗಟ್ಟಿಯಾದದ್ದು ಬೇಡ ಎನ್ನಿ. ಓದಲು ಬಾರದಿದ್ದರೆ ಓದುವವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ನಮ್ಮವರ ಅಂಗಡಿ ಎಂದು ನಾಚಿಕೊಳ್ಳಬೇಡಿ, ತಪ್ಪು ನಮ್ಮವರಿಂದಲೂ ಆಗುತ್ತದೆ. ಕೈ ಮುಗಿಯಿರಿ, ಬೇಡ ಎನ್ನುವವರು ಯಾರು? ಸಹಿಯನ್ನು ಮಾತ್ರ ನೋಡಿದ ಮೇಲೆಯೇ ಹಾಕಿ. ಗಾಡಿ ಬಾಗಿಲಲ್ಲಿ ನಿಂತಿರುವ ಆ ಅರ್ಧ ಗಂಟೆಯಷ್ಟೇ ನಿಮ್ಮದು. ಕಾಂಕ್ರೀಟು ಬಿದ್ದ ಮೇಲೆ ಕೇಳಲು ಯಾರೂ ಇರುವುದಿಲ್ಲ.