ಪಕ್ಕದ ಕೋಶಕ್ಕೆ ಸುದ್ದಿ

ಗಜೇಂದ್ರಗಡದ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನು ನಾನು, ಕಳಕೇಶ. ನನ್ನ ಪಾಠ ಭಾರಿ ಚೆನ್ನಾಗಿರುತ್ತದೆ ಎಂದು ಹೇಳುವವನು ಊರಲ್ಲಿ ಒಬ್ಬನಿದ್ದಾನೆ, ಅವನೂ ನಾನೇ.

ಆ ಬೆಳಿಗ್ಗೆ ಮೈ ಕೆಂಡವಾಗಿತ್ತು. ಸೀರೆ ನೇಯುತ್ತ ಮಗ್ಗದಲ್ಲಿ ಕೂತಿದ್ದ ಹೆಂಡತಿ ಮಧುಮತಿ ಎದ್ದುಬಂದು ಹಣೆ ಮುಟ್ಟಿ ನೋಡಿದಳು.

"ಒಂದ ಗುಳಗಿ ತಗೊಂಡು ಮಲಕೋರಿ. ಇವತ್ತ ಕಾಲೇಜಿಗೆ ಹೋಗಬ್ಯಾಡ್ರಿ."

"ಜ್ವರ ಅಂದ್ರ ನನ್ನ ದೇಹ ವೈರಸ್ ಜೋಡಿ ಹೊಡದಾಡಾಕತ್ತೈತಿ ಅಂತ. ಗುಳಗಿ ನುಂಗಿ ಅದರ ಕೈ ಕಟ್ಟಲೇನು?"

"ಹೊಡದಾಟ ಮನ್ಯಾಗ ಮಲಕೊಂಡ್ರೂ ನಡೀತೈತ್ರಿ," ಎಂದು ಅವಳು ಮತ್ತೆ ಲಾಳಿ ಕೈಗೆತ್ತಿಕೊಂಡಳು.

ನಾನು ಹೋದೆ. ವೈರಸ್ ಒಳಹೊಕ್ಕದ್ದು ಜೀವಕೋಶಕ್ಕೆ ಹೇಗೆ ತಿಳಿಯುತ್ತದೆ ಎಂಬುದೇ ಅವತ್ತಿನ ಪಾಠ. ಉದಾಹರಣೆ ನನ್ನ ಮೈಯಲ್ಲೇ ಇರುವಾಗ ರಜೆ ಹಾಕುವ ಮಾಸ್ತರ ನಾನಲ್ಲ. ಮಾಸ್ಕ್ ಹಾಕಿದರೆ ನನ್ನ ಉಚ್ಚಾರ ಕೆಡುತ್ತದೆಂದು ಅದನ್ನೂ ಬಿಟ್ಟಿದ್ದೆ.

ಸ್ವೆಟರ್ ತೊಟ್ಟು, ಗಡಗಡ ನಡುಗುತ್ತ ವಿವರಿಸಿದೆ. ಅನೇಕ ವೈರಸ್‌ಗಳ ಆರ್‌ಎನ್‌ಎ ನಮ್ಮದರಂತಿರುವುದಿಲ್ಲ. ಎರಡೆಳೆಯಾಗಿಯೋ, ತುದಿ ಬೇರೆಯಾಗಿಯೋ ಇರುತ್ತದೆ. ಅದನ್ನು ಗುರುತಿಸುವ ಪ್ರೋಟೀನ್‌ಗಳು ಕೋಶದೊಳಗೇ ಇವೆ. ಗುರುತು ಸಿಕ್ಕ ಕೂಡಲೇ ಕೋಶ ಇಂಟರ್‌ಫೆರಾನ್ ಎಂಬ, ಸುದ್ದಿ ಒಯ್ಯುವ ಪ್ರೋಟೀನನ್ನು ಹೊರಬಿಡುತ್ತದೆ. ಅದು ಮುಟ್ಟಿದ ಅಕ್ಕಪಕ್ಕದ ಕೋಶಗಳು ವೈರಸ್ ಬರುವ ಮೊದಲೇ ತಯಾರಾಗುತ್ತವೆ.

"ಈ ಜ್ವರ, ಈ ಮೈಕೈನೋವು, ಎಲ್ಲಾ ಆ ಕೆಲಸ ನಡದೈತಿ ಅನ್ನೂದರ ಗುರುತು ನೋಡ್ರಿ," ಎಂದು ಹೆಮ್ಮೆಯಿಂದ ಎದೆ ತಟ್ಟಿಕೊಂಡು, ಜೋರಾಗಿ ಸೀನಿದೆ.

ಮೊದಲ ಬೆಂಚಿನ ನೀಲಾ ಚೀಲ ಎತ್ತಿಕೊಂಡು ಹಿಂದಿನ ಸಾಲಿಗೆ ನಡೆದಳು. ಅವಳ ಹಿಂದೆ ಗೆಳತಿಯರು ಹೋದರು. ನೋಡನೋಡುತ್ತ ಇಡೀ ತರಗತಿ ಹಿಂಬದಿಯ ಗೋಡೆಗೆ ಅಂಟಿಕೊಂಡಿತು.

"ಯಾಕವ್ವಾ, ಏನಾತು?"

ನೀಲಾ ಎದ್ದುನಿಂತು ವಿನಯದಿಂದಲೇ ಹೇಳಿದಳು: "ಸರ್, ಬಾಜೂ ಕೋಶಕ್ಕ ಸುದ್ದಿ ಮುಟ್ಟಿದ್ರ ಅದು ತಯಾರ ಆಗತೈತಿ ಅಂದ್ರಲ್ರಿ. ನಮಗ ಸುದ್ದಿ ಮುಟ್ಟೇತ್ರಿ."

ನನ್ನ ಪಾಠ ಒಂದು ತರಗತಿಗೆ ಪೂರ್ತಿ ಅರ್ಥವಾದದ್ದು ಅದೇ ಮೊದಲು. ಸಂತೋಷಪಡಲು ಪುರುಸೊತ್ತಾಗಲಿಲ್ಲ, ಕಣ್ಣು ಕತ್ತಲಿಟ್ಟು ಕುರ್ಚಿಯಲ್ಲಿ ಕುಸಿದೆ.

ರಸಾಯನಶಾಸ್ತ್ರ ಕಲಿಸುವ ಗೆಳೆಯ ಬಾಷಾಸಾಬ ಮೂಗು ಬಾಯಿಗೆ ಕರವಸ್ತ್ರ ಬಿಗಿದುಕೊಂಡು, ನನ್ನನ್ನು ಬೈಕಿನ ಮೇಲೆ ದವಾಖಾನೆಗೆ ಒಯ್ದ. ಡಾಕ್ಟರ್ ಶಹನಾಜ ಪರೀಕ್ಷಿಸಿ ನೋಡಿದರು.

"ಫ್ಲೂ ಐತ್ರಿ. ನೀರು ಕುಡದಿಲ್ಲ, ಉಂಡಿಲ್ಲ, ಮಲಗಿಲ್ಲ. ನಿಮ್ಮ ಕೋಶಗಳು ತಮ್ಮ ಕೆಲಸ ಮಾಡ್ಯಾವು. ನೀವೇನ ಮಾಡೀರಿ?"

"ಪಾಠ ಮಾಡೀನ್ರಿ," ಎಂದೆ.

ಅವರು ನಗದೆ ಗುಳಿಗೆ ಬರೆದುಕೊಟ್ಟರು. ನಾನು ವಾದಿಸದೆ ನುಂಗಿದೆ.

ಮರುದಿನ ಸಂಜೆ ನೀಲಾ ಫೋನ್ ಮಾಡಿದಳು. "ಆರಾಮ ಅದೀರೇನ್ರಿ ಸರ್? ಪಾಠ ಅರ್ಧಕ್ಕ ನಿಂತೈತ್ರಿ. ಸುದ್ದಿ ಕೊಟ್ಟ ಕೋಶ ಮುಂದ ಏನಾಗತೈತ್ರಿ?"

ಮಲಗಿದ್ದಲ್ಲಿಂದಲೇ ಹೇಳಿದೆ: "ತನ್ನ ಕೆಲಸ ನಿಲ್ಲಿಸತೈತಿ. ಅದೂ ಸಾಲದಿದ್ರ ಕೆಲವೊಮ್ಮಿ ತಾನ ಸಾಯತೈತಿ, ವೈರಸ್ ಮುಂದ ಹಬ್ಬಬಾರದಂತ."

ಆಚೆ ಕೋಣೆಯಲ್ಲಿ ಮಗ್ಗದ ಸದ್ದು ನಿಂತಿತು.

"ತಾನಾಗೇ ಸಾಯತೈತೇನ್ರಿ?" ಮಧುಮತಿ ಕೇಳಿದಳು.

"ಹೂಂ."

"ಪಾಪ."

ಇದನ್ನು ನಾನು ವರ್ಷಗಟ್ಟಲೆ ಎರಡು ಅಂಕದ ಉತ್ತರವಾಗಿ ಬರೆಸಿದ್ದೇನೆ. ಪಾಪ ಎಂದು ಒಮ್ಮೆಯೂ ಅನಿಸಿರಲಿಲ್ಲ. ಈಗ ಕಣ್ಣಲ್ಲಿ ನೀರು ತುಂಬಿತು. ನೆಗಡಿಗೆ ಹೀಗಾಗುವುದುಂಟು ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಮಧುಮತಿ ಬಿಸಿ ಗಂಜಿ ತಂದು ಹೊಸ್ತಿಲಾಚೆಯೇ ಇಟ್ಟು, ನಾನು ಪೂರ್ತಿ ಕುಡಿಯುವವರೆಗೆ ಅಲ್ಲೇ ನಿಂತಿದ್ದಳು.