ಬೋರಲಾಗಿ ನಲವತ್ತೊಂದು ದಿನ

ನನ್ನ ಆಯುಷ್ಯದಲ್ಲಿ ಮೂರು ಭಾಗಗಳಿವೆ. ಮೊದಲ ಐದು ವರ್ಷ ತಲೆಯ ಮೇಲೆ ಕಳೆದೆ. ಎರಡನೆಯ ಭಾಗ ಏಪ್ರಿಲ್ ಎರಡರಿಂದ ಮೇ ಹನ್ನೆರಡರವರೆಗೆ, ಮರಳಿನ ಮೇಲೆ, ಬೋರಲಾಗಿ. ಮೂರನೆಯದು ಇಲ್ಲಿ, ಹೊನ್ನಮ್ಮನ ಹಿತ್ತಿಲ ಕೋಳಿಗೂಡಿನಲ್ಲಿ. ಅದು ಇನ್ನೂ ಮುಗಿದಿಲ್ಲ.

ನಾನು ಒಂದು ಬಿದಿರಿನ ಬುಟ್ಟಿ. ಶರಾವತಿ ಕಡಲು ಸೇರುವ ಅಳಿವೆಯಿಂದ ಉತ್ತರಕ್ಕೆ, ದೋಣಿಗಳನ್ನು ಎಳೆದಿಡುವ ದಡವೊಂದರಲ್ಲಿ ಮೀನು ಮಾರುವ ಹೊನ್ನಮ್ಮ ಹರಿಕಂತ್ರ ನನ್ನನ್ನು ಕೊಂಡಳು. ಹೊಸದರಲ್ಲಿ ನನಗೆ ಹಸಿ ಬಿದಿರಿನ ವಾಸನೆಯಿತ್ತು. ಅದು ಹದಿನೈದು ದಿನವೂ ಉಳಿಯಲಿಲ್ಲ. ಬಂಗಡೆ, ತಾರ್ಲೆ, ಶೆಟ್ಲಿಗಳ ನೀರು ಹೆಣಿಗೆಯ ಸಂದುಸಂದಿಗೂ ಇಳಿಯಿತು. ಪ್ರತಿ ಮಧ್ಯಾಹ್ನ ಅವಳು ನನ್ನನ್ನು ಕಡಲಲ್ಲಿ ತಿಕ್ಕಿ ತೊಳೆದು ಬಿಸಿಲಿಗೆ ಇಡುತ್ತಿದ್ದಳು. ದಡದಲ್ಲಿ ಹನ್ನೊಂದು ನಾಯಿಗಳಿದ್ದವು. ಮೀನಿನ ತಲೆ, ಕರುಳು ಬೇಕಾದಷ್ಟು ಬೀಳುತ್ತಿದ್ದುದರಿಂದ ಅವು ನನ್ನನ್ನು ಮೂಸಿಯೂ ನೋಡುತ್ತಿರಲಿಲ್ಲ.

ಐದನೆಯ ವರ್ಷದ ಮಾರ್ಚ್ ಕೊನೆಯ ವಾರ ಕೊರೊನಾ ಲಾಕ್‌ಡೌನ್ ಬಂತು. ದೋಣಿಗಳು ದಡದ ಮೇಲಿನ ತೆಂಗಿನ ಬುಡ ಸೇರಿದವು. ದಡದ ದೊಡ್ಡ ಕಂಬದ ದೀಪ ಆರಿತು. ನಾಲ್ಕನೆಯ ದಿನಕ್ಕೆ ಮರಳಿನ ಮೇಲೆ ಮನುಷ್ಯರ ಹೆಜ್ಜೆ ಉಳಿದಿರಲಿಲ್ಲ. ಮೀನಿನ ಲಾರಿ ನಿಲ್ಲುತ್ತಿದ್ದ ಜಾಗದಲ್ಲೂ ಏಡಿಗಳು ಬಿಲ ತೋಡಿದ್ದವು. ದಡಕ್ಕೆ ಮುಖ ಮಾಡಿದ ಹೊನ್ನಮ್ಮನ ಜಗಲಿಯಲ್ಲಿ ಒಣಗುತ್ತ ಕುಳಿತ ನನಗೆ, ಐದು ವರ್ಷ ಕೇಳಿದ್ದ ಕೂಗುಗಳು ಬರಿಯ ಗಾಳಿಯಲ್ಲೂ ಕೇಳಿಸುತ್ತಿದ್ದವು. ನಾಯಿಗಳು ಎಂದಿನ ಹೊತ್ತಿಗೆ ಬಂದು, ನೀರಿನತ್ತ ಮುಖ ಮಾಡಿ, ಬಾರದ ದೋಣಿಗಳಿಗಾಗಿ ಸಾಲಾಗಿ ಕೂರುತ್ತಿದ್ದವು.

ಏಪ್ರಿಲ್ ಎರಡರ ಬೆಳಿಗ್ಗೆ, ದೋಣಿ ಎಳೆಯುವ ಜಾಗದಲ್ಲೇ ಕಡಲಾಮೆ ಹತ್ತಿಳಿದ ಗುರುತು ಕಂಡಿತು. ಅಲ್ಲಿ ಆಮೆ ಮೊಟ್ಟೆಯಿಟ್ಟದ್ದನ್ನು ಹೊನ್ನಮ್ಮ ಚಿಕ್ಕವಳಿದ್ದಾಗ ನೋಡಿದ್ದಳಂತೆ. ಅವಳ ಮೈದುನ ಜಟ್ಟಪ್ಪ, ನಾಯಿ ತೋಡದಂತೆ ಬಲೆ ಮುಚ್ಚಿ ಆಮೆಗೂಡು ಕಾಯುವ, ಅರಣ್ಯ ಇಲಾಖೆಯ ಹಂಗಾಮಿ ಕೆಲಸದವನು.

“ನಿಮ್ಮ ಕಬ್ಬಿಣದ ಬಲೆ ಎಲ್ಲುಂಟು, ಸಾಹೇಬ್ರೇ?” ಎಂದು ಅವಳು ಕೇಳಿದಳು.

“ಶೆಡ್ಡಲ್ಲುಂಟು ಅತ್ಗೆ. ಬೀಗ ತೆಗೆಯುವವ್ರು ಬರೂಕೆ ರಸ್ತೆ ಬಂದ್ ಆಗ್ಯದೆ.”

ಅವಳು ಒಳಗೆ ಹೋಗಿ ನನ್ನನ್ನು ತಂದಳು.

“ಎಂತ, ಆಮೆಗೂ ಬಂಗಡೆ ಮಾರ್ತ್ರಾ?”

“ಬಾಯ್ಮುಚ್ಚು. ನಮ್ಮ ಅವ್ವಿ ಇದ್ರ ಮೊಟ್ಟೆ ಮಾರಿ ನಮ್ಮನ್ನ ಸಾಕಿದ್ದು. ಒಂದು ಗೂಡಾದ್ರೂ ವಾಪಸ್ ಕೊಡುವಾ.” ಅವಳು ನನ್ನನ್ನು ಅವನ ಮೂಗಿನ ಹತ್ತಿರ ಹಿಡಿದಳು. “ತೊಳೆದೆ. ವಾಸನೆ ಬತ್ತದಾ, ನೋಡು.”

ಮೀನುಗಾರರ ಮನೆಯಲ್ಲೇ ಹುಟ್ಟಿದ ಜಟ್ಟಪ್ಪ ಉಸಿರೆಳೆದು ನೋಡಿದ. “ಎಂತ ವಾಸನೆ? ಸಮಾ ಉಂಟು.”

ನನ್ನನ್ನು ಗೂಡಿನ ಮೇಲೆ ಬೋರಲು ಹಾಕಿ, ಮೇಲೆ ಲಂಗರಿನ ಕಲ್ಲು ಹೇರಿದರು.

ಐದು ವರ್ಷ ನಾನು ಸತ್ತದ್ದನ್ನು ಮಾತ್ರ ಹೊತ್ತಿದ್ದೆ. ಈಗ ನನ್ನ ಕೆಳಗೆ, ಮೊಳದಷ್ಟು ಆಳದಲ್ಲಿ, ಜೀವವಿತ್ತು. ದಿನ ಕಳೆದಂತೆ ಮರಳಿನ ಕಾವು ಏರಿತು. ಹೊನ್ನಮ್ಮ ದಿನಕ್ಕೆರಡು ಬಾರಿ ಬಂದು ಕಲ್ಲು ಮುಟ್ಟಿ ನೋಡುತ್ತಿದ್ದಳು. ನಾಯಿಗಳ ಸಾಲು ಮೊದಲು ಒಂಬತ್ತಾಯಿತು, ನಂತರ ಏಳು. ಉಳಿದವುಗಳ ಪಕ್ಕೆಲುಬುಗಳನ್ನು ನನ್ನ ಸಂದಿಯಿಂದ ಎಣಿಸಬಹುದಿತ್ತು. ಅವು ದಿನೇದಿನೇ ನೀರಿನತ್ತ ನೋಡುವುದನ್ನು ಬಿಟ್ಟು ನನ್ನತ್ತ ತಿರುಗಿ ಕೂರತೊಡಗಿದವು.

ಮೇ ಹನ್ನೊಂದರ ಸಂಜೆ ಮೊದಲ ಮಳೆ ಬಿತ್ತು. ಬಿದಿರು ನೆನೆದು ಉಬ್ಬಿತು. ಸಂದುಗಳಲ್ಲಿ ಒಣಗಿದ್ದ ಐದು ವರ್ಷಗಳ ಮೀನು ಮತ್ತೆ ಹಸಿಯಾಯಿತು. ಮರುದಿನ ಬೆಳಕು ಹರಿಯುವಾಗ ಏಳೂ ನಾಯಿಗಳು ಬಂದವು. ಮೊದಲು ನನ್ನ ಅಂಚನ್ನು ಕಚ್ಚಿದವು. ಕಲ್ಲು ಉರುಳಿ ನಾನು ಮಗುಚಿಬಿದ್ದೆ. ನನ್ನಲ್ಲಿ ಮೀನು ಸಿಗದಿದ್ದಾಗ, ನಾನಿದ್ದ ಜಾಗವನ್ನು ತೋಡಿದವು.

ಹೊನ್ನಮ್ಮ ಕೋಲು ಹಿಡಿದು ಓಡಿ ಬರುವಷ್ಟರಲ್ಲಿ ಎಂಬತ್ಮೂರು ಮೊಟ್ಟೆಗಳು ಹರಿದಿದ್ದವು. ಸಿಪ್ಪೆಗಳನ್ನು ಎಣಿಸಿದವನು ಜಟ್ಟಪ್ಪ. ತಳದಲ್ಲಿದ್ದ ಇಪ್ಪತ್ತೊಂಬತ್ತನ್ನು ಅಲುಗಿಸದೆ ಅವನು ಮತ್ತೆ ಮರಳು ಮುಚ್ಚಿದ.

“ನಾಯಿ ಮೊದ್ಲು ಬುಟ್ಟಿಗೇ ಬಾಯಿ ಹಾಕಿದ್ದು, ಅತ್ಗೆ,” ಎಂದ, ನನ್ನ ಅಂಚು ನೋಡಿ.

ಅವಳು ನನ್ನೊಳಗೆ ಮುಖವಿಟ್ಟು ಬಹಳ ಹೊತ್ತು ಉಸಿರೆಳೆದಳು. ಆಗಲೂ ಅವಳಿಗೆ ಯಾವ ವಾಸನೆಯೂ ತಿಳಿಯಲಿಲ್ಲ. “ಅವ್ವಿ ಹೊಟ್ಟೆಗಾಗಿ ಮಾರ್ತಿದ್ಲು,” ಎಂದಳು. “ನಾ ಎಂತಕ್ಕೆ ನಾಯಿಗೆ ಕೊಟ್ಟೆ?”

ಆಮೇಲೆ ಅವರಿಬ್ಬರೂ ಸರದಿಯಲ್ಲಿ ಅಲ್ಲೇ ಕುಳಿತು ಕಾದರು. ಮೇ ಇಪ್ಪತ್ತೆರಡರಂದು ಇಪ್ಪತ್ತೊಂದು ಮರಿಗಳು ಕಡಲಿಗಿಳಿದವು.

ಈಗ ಹೊನ್ನಮ್ಮ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಮೀನು ಹೊರುತ್ತಾಳೆ. ಅಂಚು ಹರಿದ ನನ್ನೊಳಗೆ ಹುಲ್ಲು ಹಾಸಿದ್ದಾಳೆ. ಹೇಂಟೆ ಕಾವಿಗೆ ಕೂರುತ್ತದೆ. ಮಳೆ ಬಂದರೆ ಮಾತ್ರ ಅವಳು ಎದ್ದು ಬಂದು ಕೋಳಿಗೂಡಿನ ಬಾಗಿಲನ್ನು ಎರಡು ಸಲ ಎಳೆದು ನೋಡುತ್ತಾಳೆ. ಮೊಟ್ಟೆಗಳ ಕಾವು ಮೈಗೆ ತಾಗಿದಾಗ ನನಗೆ ಸಿಪ್ಪೆ ಹರಿಯುವ ಸದ್ದು ಕೇಳುತ್ತದೆ.

ಅದೇ ಮೇ ಕೊನೆಯಲ್ಲಿ ಜಟ್ಟಪ್ಪ ದಡವನ್ನೆಲ್ಲ ನಡೆದು ನೋಡಿದ. ಯಾರ ಕಣ್ಣಿಗೂ ಬೀಳದ ಇನ್ನೆರಡು ಗೂಡುಗಳಿಂದ ಮರಿಗಳು ಹೊರಟ ಗುರುತು ಸಿಕ್ಕಿತು; ಒಂದು ನಾನಿದ್ದ ಜಾಗದಿಂದ ಅರವತ್ತು ಹೆಜ್ಜೆ, ಇನ್ನೊಂದು ನೂರ ಹತ್ತು ಹೆಜ್ಜೆ ದೂರದಲ್ಲಿ. ಅವುಗಳ ಮೇಲೆ ಬಲೆಯಾಗಲಿ ಬುಟ್ಟಿಯಾಗಲಿ ಇರಲಿಲ್ಲ. ಅವೆರಡನ್ನೂ ನಾಯಿಗಳು ಮುಟ್ಟಿರಲಿಲ್ಲ.